ಸಹಾಯ ಬೇಕು: ಧಾರವಾಡದಲ್ಲಿ ಸಂಜೆ ಕೆಲಸ ಇದ್ದರೆ ಹೇಳಿ
ಅಣ್ಣಂದಿರೇ, ಅಕ್ಕಂದಿರೇ, ನಾನು ಹಾವೇರಿ ಕಡೆಯವನು. ಬಿಎ ಮುಗಿದು ಒಂದೂವರೆ ವರ್ಷ ಆಯ್ತು. ಸಪ್ತಾಪುರದಲ್ಲಿ ರೂಮ್ ಮಾಡಿ ಪಿಎಸ್ಐ ಪರೀಕ್ಷೆಗೆ ಓದುತ್ತಿದ್ದೇನೆ. ಬಾಡಿಗೆ, ಮೆಸ್ಸು ಎಲ್ಲಾ ಅಪ್ಪನ ದುಡ್ಡೇ. ಹೋದ ವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ನೇರ ಬಸ್ ಹತ್ತಿ ಬಂದು, 4,000 ರೂಪಾಯಿ ಕೈಗಿಟ್ಟು, ಚಹಾ ಕೂಡ ಕುಡಿಯದೆ ವಾಪಸ್ ಹೋದರು. ನೋಟಿಗೆ ಇನ್ನೂ ಮೆಣಸಿನಕಾಯಿ ಘಾಟು ಇತ್ತು. ಮತ್ತೆ ಕೇಳೋಕೆ ಮನಸ್ಸೇ ಬರುತ್ತಿಲ್ಲ.

ಸಂಜೆ 4ರಿಂದ 8ರವರೆಗೆ ಟ್ಯೂಷನ್ ಹೇಳೋದು, ಅಂಗಡಿ ಲೆಕ್ಕ ಬರೆಯೋದು, ಯಾವ ಕೆಲಸವಾದರೂ ಸರಿ.

ಇನ್ನೊಂದು ವಿಷಯ. ರಾಜ್ಯ ಸರ್ಕಾರದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ ಕೊಡುತ್ತಾರೆ ಅಲ್ವಾ, ಸೇವಾಸಿಂಧು ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬೇಕೆಂದಿದ್ದೇನೆ. ಇಂಥ ಸಣ್ಣ ಕೆಲಸ ಹಿಡಿದರೆ ಅದು ಸಿಗುವುದಿಲ್ವಾ? ಪಡೆಯುತ್ತಿರುವವರು ದಯವಿಟ್ಟು ತಿಳಿಸಿ.