ಹೊಸ ಸ್ಟೀಮ್ ಬಾಯ್ಲರ್ ಹಾಕ್ಸಿದ್ಮೇಲೆ ಪೈಪಲ್ಲಿ ಢಣ್ ಢಣ್ ಸದ್ದು, ಗಾಜಲ್ಲಿ ನೀರು ಕುಣೀತಿದೆ. ಪೈಪಿಂಗ್ ತಪ್ಪಾ?

ಚಳಿಮನೆ

ಎಲ್ರಿಗೂ ನಮಸ್ಕಾರ. ಬಾಸ್ಟನ್ ಹತ್ರ ನಮ್ಮನೆ, 1920ರ ಆಸುಪಾಸಲ್ಲಿ ಕಟ್ಟಿದ್ದು, ಒನ್ ಪೈಪ್ ಸ್ಟೀಮ್ ಸಿಸ್ಟಮ್ಮು. ಅಂದ್ರೆ ಪ್ರತಿ ರೇಡಿಯೇಟರ್‌ಗೂ ಒಂದೇ ಪೈಪು, ಸ್ಟೀಮ್ ಅದ್ರಲ್ಲೇ ಮೇಲೆ ಹೋಗುತ್ತೆ, ತಣ್ಣಗಾದ ನೀರು ಅದ್ರಲ್ಲೇ ಕೆಳಗಿಳಿಯುತ್ತೆ. ಹಳೇ ಬಾಯ್ಲರ್ ಒಳಗಡೆ ತೂತು ಬಿತ್ತು ಅಂತ ಈ ಸಲ ಚಳಿ ಶುರುವಾಗೋ ಮುಂಚೆ ಹೊಸದು ಹಾಕ್ಸಿದ್ವಿ. ಹಳೇದು ಬೇಸ್‌ಮೆಂಟಲ್ಲಿ ಅರ್ಧ ಜಾಗ ತಿಂತಿತ್ತು, ಗ್ಯಾಸ್ ಸಿಕ್ಕಾಪಟ್ಟೆ ಕುಡೀತಿತ್ತು, ಆದ್ರೆ ಒಂದಿನಾನೂ ಸದ್ದು ಮಾಡ್ಲಿಲ್ಲ.

ಹೊಸದು ಬಂದ್ಮೇಲೆ ಬೆಳಗಿನ ಜಾವ ಥರ್ಮೋಸ್ಟಾಟ್ ಆನ್ ಆಗಿ ಸ್ವಲ್ಪ ಹೊತ್ತಿಗೆ ಢಣ್ ಢಣ್ ಅಂತ ಶುರು, ಮಕ್ಕಳು ಎದ್ದು ಕೂರ್ತಾರೆ. ಬಾಯ್ಲರ್ ಪಕ್ಕದ ಗಾಜಿನ ಕೊಳವೇಲಿ ನೀರು ಎರಡು ಮೂರು ಇಂಚು ಮೇಲೆ ಕೆಳಗೆ ಆಡುತ್ತೆ, ಒಂದೊಂದ್ಸಲ ಪೂರ್ತಿ ಮಾಯ ಆಗಿ ಲೋ ವಾಟರ್ ಕಟಾಫ್ ಬರ್ನರ್‌ನ ನಿಲ್ಲಿಸಿಬಿಡುತ್ತೆ, ಆಟೋ ಫೀಡರ್ ನೀರು ತುಂಬುತ್ತೆ, ಮತ್ತೆ ಶುರು, ಮಧ್ಯಾಹ್ನ ಹೋಗಿ ನೋಡಿದ್ರೆ ಗಾಜು ಕಂಠಪೂರ್ತಿ ತುಂಬಿರುತ್ತೆ. ಮೇಲಿನ ಮಹಡಿ ರೇಡಿಯೇಟರ್ ಒಳಗಿನ ಗಾಳಿ ಹೊರಗೆ ಬಿಡೋ ವೆಂಟ್‌ಗಳು ನೀರು ಉಗುಳ್ತವೆ, ಗೋಡೆ ಎಲ್ಲಾ ಕಲೆ.

ಹಾಕಿದವರನ್ನ ಕರೆಸಿದ್ರೆ "ಹಳೇ ಮನೆ ಅಂದ್ರೆ ಹೀಗೇನೇ" ಅಂದು ಪ್ರೆಶರ್ ಜಾಸ್ತಿ ಮಾಡಿ ಹೋದ್ರು, ಸದ್ದು ಇನ್ನೂ ಜೋರಾಯ್ತು. ಈಗ ರೇಡಿಯೇಟರ್ ವೆಂಟ್ ಎಲ್ಲಾ ಬದಲಾಯಿಸ್ಬೇಕು ಅಂತಿದಾರೆ, ದುಡ್ಡು ಬೇರೆ.

ಪೈಪ್ ಹೆಂಗಿದೆ ಅಂದ್ರೆ, ಬಾಯ್ಲರ್ ಮೇಲೆ ಎಡಕ್ಕೊಂದು ಬಲಕ್ಕೊಂದು ಸ್ಟೀಮ್ ಹೊರಗೆ ಬರೋ ತೂತು. ಎರಡರಿಂದಾನೂ ತಾಮ್ರದ ಪೈಪ್ ಮೇಲಕ್ಕೆ ಬಂದು, ಮಧ್ಯಕ್ಕೆ ತಿರುಗಿ, ಒಂದು ಟೀನಲ್ಲಿ (T ಆಕಾರದ ಜೋಡಣೆ) ಎದುರುಬದುರು ಸೇರುತ್ತೆ, ಆ ಟೀ ತಲೆಯಿಂದ ನೇರ ಮೇಲೆ ಹಳೇ ಮೇನ್ ಪೈಪ್‌ಗೆ. ನೋಡೋಕೆ ನೀಟಾಗಿದೆ, ಎರಡೂ ಕಡೆ ಸಮ ಸಮ. ಇದು ಸರೀನಾ?

ಬಾಲ್ಕನಿ

ಮೊದ್ಲು ಪ್ರೆಶರ್ ಇಳಿಸಿ ಗುರು. ಬಾಯ್ಲರ್ ಮೇಲಿರೋ ಬೂದು ಡಬ್ಬಿ, ಪ್ರೆಶರ್‌ಟ್ರೋಲ್ ಅಂತಾರಲ್ಲ, ಅದ್ರಲ್ಲಿ ಕಟ್ ಇನ್ (ಬರ್ನರ್ ಮತ್ತೆ ಆನ್ ಆಗೋ ಪ್ರೆಶರ್) ಅರ್ಧ ಪಿಎಸ್‌ಐ, ಒಳಗಿನ ಬಿಳಿ ಚಕ್ರ ಒಂದಕ್ಕೆ ಇಟ್ರೆ ಒಂದೂವರೆಗೆ ಬರ್ನರ್ ಆಫ್ ಆಗುತ್ತೆ, ಮನೆಗೆ ಅದು ಧಾರಾಳ ಸಾಕು. ಜಾಸ್ತಿ ಪ್ರೆಶರ್ ಕೊಟ್ರೆ ಜಾಸ್ತಿ ಬಿಸಿ ಬರುತ್ತೆ ಅನ್ನೋದು ಸುಳ್ಳು. ಆಮೇಲೆ ವೆಂಟ್ ಬದಲಾಯಿಸಿ ನೋಡಿ, ಹಳೇವು ಕಟ್ಕೊಂಡಿರುತ್ತೆ. ನಂಗನ್ಸುತ್ತೆ ಅಷ್ಟರಲ್ಲೇ ಸರಿಹೋಗುತ್ತೆ, ಪೈಪ್ ಎಲ್ಲಾ ಬಿಚ್ಚಿಸೋಕೆ ಹೋಗ್ಬೇಡಿ.

ಪೈಪ್‌ರೆಂಚ್

ಪ್ರೆಶರ್ ಮಾತು ಖರೇ ಐತ್ರಿ, ವೆಂಟ್ ಮಾತು ಅಲ್ಲ. ವೆಂಟ್ ನೀರು ಉಗುಳಾಕತ್ತೈತಿ ಅಂದ್ರ ಅಲ್ಲಿತನ ನೀರು ಯಾಕ ಬಂತು ಅಂತ ಕೇಳ್ಬೇಕ್ರಿ ಮೊದಲ. ಹೊಸ ವೆಂಟ್ ಹಾಕಿದ್ರ ಅವೂ ಎರಡು ವಾರಕ್ಕ ಹಾಳಾಗ್ತಾವ. ನಾನು ಇದ ಕೆಲಸದಾಗ ಇರಾಂವ, ನೀವು ಬರ್ದಿದ್ದು ಓದಿದ ಕೂಡ್ಲೆ ತಿಳೀತು, ತಪ್ಪಿರೋದು ಆ ನೀಟ್ ಕಾಣೋ ಟೀನಾಗ.

ಹಳೇ ಬಾಯ್ಲರ್ ಒಳಗ ನೀರು ಭಾಳ ಹಿಡೀತಿತ್ತು, ನೀರಿನ ಮ್ಯಾಲ ಖಾಲಿ ಜಾಗಾನೂ ಭಾಳ ಇರ್ತಿತ್ತು, ಅಲ್ಲೇ ಸ್ಟೀಮ್ ಬ್ಯಾರೆ ನೀರು ಬ್ಯಾರೆ ಆಗಿಬಿಡ್ತಿತ್ತು. ಹೊಸಾವು ಸಣ್ಣವು, ಸಣ್ಣ ಪಾತ್ರ್ಯಾಗ ಹಾಲು ಉಕ್ಕಿದಂಗ ಸ್ಟೀಮ್ ಜೋಡಿ ನೀರೂ ಎದ್ದು ಬರ್ತೈತಿ. ಆ ನೀರು ಬಿಡಿಸೋ ಕೆಲಸ ಈಗ ಬಾಯ್ಲರ್ ಹೊರಗಿನ ಪೈಪಿಂದು, ಅಂದ್ರ ಹೆಡರಿಂದು. ಅದಕ್ಕ ಮ್ಯಾನ್ಯುಯಲ್‌ದಾಗ ಪೈಪಿನ ಚಿತ್ರ ಕೊಟ್ಟಿರ್ತಾರ, ಅದನ್ನ ಬಾಯ್ಲರಿನ ಒಂದು ಭಾಗ ಅಂತನ ತಿಳೀರಿ.

ಹೆಂಗಿರಬೇಕು ಅಂದ್ರ, ಬಾಯ್ಲರಿಂದ ಎದ್ದ ಎರಡೂ ಪೈಪ್ ಮೊದಲ ಅಡ್ಡ ಹೆಡರ್‌ಗೆ ಸೇರಬೇಕು, ಎರಡೂ ಸೇರಿದ ಮ್ಯಾಲ ಮುಂದ ಮನಿಗೆ ಹೋಗೋ ಪೈಪ್ ಏಳಬೇಕು, ಅದಾದ ಮ್ಯಾಲ ಹೆಡರಿನ ತುದಿ ಎಲ್ಬೋದಾಗ ಕೆಳಗ ತಿರುಗಿ ಈಕ್ವಲೈಜರ್ ಆಗಿ ವಾಪಸ್ ಬಾಯ್ಲರಿನ ತಳಕ್ಕ ಬರಬೇಕು. ಸ್ಟೀಮ್ ಒಂದ ದಿಕ್ಕಿಗೆ ಓಡ್ತದ, ನೀರನ್ನ ಹೆಡರಿನ ತಳದಾಗ ದೂಡ್ಕೊಂತ ತುದಿಗೆ ಒಯ್ದು ಈಕ್ವಲೈಜರ್‌ದಾಗ ಇಳಸ್ತದ, ಒಣಾ ಸ್ಟೀಮ್ ಮ್ಯಾಲಕ್ಕ ತಿರುಗ್ತದ. ನಿಮ್ಮಲ್ಲಿ ಮನಿಗೆ ಹೋಗೋ ಪೈಪ್ ಎರಡರ ನಟ್ಟನಡುವ ಐತಿ. ಎಡದಿಂದ ಬಂದಿದ್ದು ಬಲದಿಂದ ಬಂದಿದ್ದು ಎದುರುಬದುರು ಡಿಕ್ಕಿ ಹೊಡೀತಾವ, ನೀರಿಗೆ ಹೋಗಾಕ ಮ್ಯಾಲ ಬಿಟ್ರ ಬ್ಯಾರೆ ದಾರೀನ ಇಲ್ಲ. ಆ ನೀರು ಮೇನ್ ಪೈಪಿನ್ಯಾಗ ಸ್ಟೀಮಿನ ವೇಗದಾಗ ಓಡಿ ಎಲ್ಬೋಕ್ಕ ಬಡೀತೈತಿ, ಅದ ನಿಮ್ಮ ಢಣ್ ಢಣ್. ನೀರೆಲ್ಲ ಮ್ಯಾಲ ಹೋತು, ಬಾಯ್ಲರ್‌ದಾಗ ಕಡಿಮಿ ಆತು, ಫೀಡರ್ ತುಂಬ್ತು, ಆಮ್ಯಾಲ ಹೋದ ನೀರು ವಾಪಸ್ ಬಂತು, ಗಾಜು ತುಂಬಿ ತುಳುಕ್ತು. ನೀವು ಹೇಳಿದ್ದೆಲ್ಲಾ ಇದ ಒಂದ ಕಥಿ.

ತಾಮ್ರದ ಮಾತು ಬ್ಯಾರೆ ಐತಿ. ಕಾಯ್ದಾಗ ತಾಮ್ರ ಕಬ್ಬಿಣಕ್ಕಿಂತ ಹೆಚ್ಚುಕಡಿಮಿ ಒಂದೂವರೆ ಪಟ್ಟು ಹಿಗ್ಗತೈತಿ. ಬೆಸುಗಿ ಹಾಕಿದ ಜಾಯಿಂಟ್ ಅಲುಗಾಡಂಗಿಲ್ಲ, ಹಂಗಾಗಿ ಅದು ಹಿಗ್ಗಿ ಕುಗ್ಗಿದಾಗೆಲ್ಲ ಬಾಯ್ಲರಿನ ಎರಕದ ಸೆಕ್ಷನ್‌ಗಳನ್ನ ಅತ್ತಾಗ ಇತ್ತಾಗ ಜಗ್ಗತೈತಿ, ಕೆಲವು ವರ್ಷಕ್ಕ ನಡುವಿನ ಜೋಡಣಿ ಸೋರಬಹುದು. ಥ್ರೆಡ್ ಇರೋ ಕಪ್ಪು ಕಬ್ಬಿಣದ ಪೈಪ್, ಜೊತಿಗೆ ಎರಡು ಎಲ್ಬೋ ಸೇರ್ಸಿ ಮಾಡೋ ಸ್ವಿಂಗ್ ಜಾಯಿಂಟ್ ಇದ್ರ ಅದು ಥ್ರೆಡ್ಡಿನ ಮ್ಯಾಲ ತುಸು ತಿರುಗಿ ತಾಳ್ಕೊಂತೈತಿ. ನೀರಿನ ಮಟ್ಟದ ಕೆಳಗ ವಾಪಸ್ ಬರೋ ಪೈಪಿಗೆ ತಾಮ್ರ ನಡೀತೈತ್ರಿ, ಮ್ಯಾಲ ಬ್ಯಾಡ.

ಮೂರು ಅಳತಿ ತಗೊಂಡು ಹಾಕ್ರಿ: ಗಾಜಿನ ನಡುಮಧ್ಯದಿಂದ ಆ ಅಡ್ಡ ಪೈಪಿಗೆ ಎಷ್ಟು ಇಂಚು, ಪೈಪಿನ ದಪ್ಪ ಎಷ್ಟು, ಮ್ಯಾನ್ಯುಯಲ್‌ದಾಗ ಎಷ್ಟಂತ ಐತಿ. ಈಕ್ವಲೈಜರ್ ಅನ್ನೋದು ಐತೋ ಇಲ್ಲೋ ಅದನ್ನೂ ನೋಡ್ರಿ.

ಚಳಿಮನೆ

ಬಾಲ್ಕನಿ ಅವ್ರೆ, ಪ್ರೆಶರ್ ಇಳಿಸ್ದೆ. ಸದ್ದು ಸ್ವಲ್ಪ ಕಮ್ಮಿ ಆಗಿದೆ, ನಿಂತಿಲ್ಲ. ಉಗುಳೋದೂ ನಿಂತಿಲ್ಲ.

ಪೈಪ್‌ರೆಂಚ್ ಸರ್, ಟೇಪ್ ಹಿಡಿದು ನೋಡ್ದೆ. ಗಾಜಿನ ಮಧ್ಯದಿಂದ ಅಡ್ಡ ಪೈಪ್‌ವರೆಗೆ 11 ಇಂಚು. ಮ್ಯಾನ್ಯುಯಲ್ ಬಾಯ್ಲರ್ ಹಿಂದೆ ಪ್ಲಾಸ್ಟಿಕ್ ಕವರಲ್ಲಿ ಹಂಗೇ ಇತ್ತು, ಬಿಚ್ಚಿಯೇ ಇರ್ಲಿಲ್ಲ ಮಾರಾಯ್ರೆ! ಅದ್ರಲ್ಲಿ ಕನಿಷ್ಠ 24 ಇಂಚು ಅಂತ ಸ್ಪಷ್ಟವಾಗಿದೆ, ಹೆಡರ್ ಎರಡೂವರೆ ಇಂಚಿಂದು. ನಮ್ಮಲ್ಲಿರೋದು ಒಂದೂವರೆ ಇಂಚು ತಾಮ್ರ. ಈಕ್ವಲೈಜರ್ ಅಂತ ಒಂದು ತೆಳು ಪೈಪ್ ಟೀ ಪಕ್ಕದಿಂದ ಇಳಿದು ಹಿಂದೆ ನೀರು ವಾಪಸ್ ಬರೋ ಪೈಪ್, ಅಂದ್ರೆ ರಿಟರ್ನ್‌ಗೆ ಸೇರಿದೆ, ಸೇರೋ ಜಾಗ ನೀರಿನ ಮಟ್ಟಕ್ಕೆ ಸರಿಯಾಗೇ ಇದೆ. ಗಾಜಲ್ಲಿ ನೀರಿನ ಮೇಲೆ ಬಣ್ಣ ಬಣ್ಣದ ಎಣ್ಣೆ ಪದರ ಥರ ಕಾಣುತ್ತೆ, ಅದೇನು? ಬೇಸ್‌ಮೆಂಟ್ ಛಾವಣಿ ಬೇರೆ ತಗ್ಗು, 24 ಇಂಚು ಎತ್ತರಿಸಿದ್ರೆ ಇಳಿಜಾರಿಗೆ ಜಾಗ ಸಾಲುತ್ತಾ ಗೊತ್ತಿಲ್ಲ.

ಹಿತ್ತಲ ಬಾಗಿಲು

ನಾನು ನ್ಯೂಜೆರ್ಸಿ, ನಮ್ಮನೇಲೂ ಸ್ಟೀಮೇ. ಆ ಎಣ್ಣೆ ಪದರದ ವಿಷಯ ನಾನು ಹೇಳ್ತೀನಿ. ಪೈಪ್‌ಗೆ ಥ್ರೆಡ್ ಹಾಕುವಾಗ ಬಳಸೋ ಎಣ್ಣೆ, ಬಾಯ್ಲರ್ ತಯಾರಾಗುವಾಗ ಅಂಟಿರೋದು, ಎಲ್ಲಾ ತೇಲ್ತಾ ಇರುತ್ತೆ, ಆ ಪದರದ ಕೆಳಗೆ ಕುದಿಯೋ ನೀರು ಸಮಾಧಾನವಾಗಿ ಆವಿ ಬಿಡೋಕಾಗದೆ ಎಗರಾಡುತ್ತೆ. ಬಾಯ್ಲರ್ ಕೆಳಗಿನ ನಲ್ಲಿ ತೆಗೆದು ನೀರು ಬಿಟ್ರೆ ಇದು ಹೋಗಲ್ಲ, ತೇಲೋದು ತೇಲ್ತಾನೇ ಇರುತ್ತೆ. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಕ್ಕದಲ್ಲಿ ಸ್ಕಿಮ್ ಪೋರ್ಟ್ ಅಂತ ಬಿರಡೆ ಹಾಕಿದ ಒಂದು ತೂತು ಇರುತ್ತೆ. ಅಲ್ಲಿಗೊಂದು ಪೈಪ್ ಹಾಕ್ಸಿ, ನೀರನ್ನ ಬಿಸಿ ಮಾಡಿ ಆದ್ರೆ ಕುದಿಯೋಕೆ ಬಿಡದೆ, ಹೊಸ ನೀರನ್ನ ತೀರಾ ನಿಧಾನ ಬಿಡ್ತಾ ಪೆನ್ಸಿಲ್ ದಪ್ಪಕ್ಕೆ ಹೊರಗೆ ಹರಿಸ್ಬೇಕು, ಗಂಟೆಗಟ್ಲೆ. ಅವಸರ ಮಾಡಿದ್ರೆ ಪದರ ಕದಡಿ ನೀರಲ್ಲೇ ಬೆರೆತು ಹೋಗುತ್ತೆ. ಬೋರು ಹೊಡೆಯೋ ಕೆಲ್ಸ, ಅದಕ್ಕೇ ಸುಮಾರು ಜನ ಮಾಡೋದೇ ಇಲ್ಲ.

ಈಗ ಬಾಯ್ಲರ್ ಹಾಕಿದವ್ರ ಹತ್ರ ಮಾತಾಡೋದು ಹೇಗೆ ಅಂದ್ರೆ, ಸದ್ದು ಬರುತ್ತೆ ಅಂತ ಶುರು ಮಾಡ್ಬೇಡಿ, ಅದಕ್ಕೆ ಅವ್ರ ಹತ್ರ ಉತ್ತರ ರೆಡಿ ಇದೆ, ಹಳೇ ಮನೆ ಅಂತ. ಮ್ಯಾನ್ಯುಯಲ್ ಪುಟದ ಫೋಟೋ, ಪಕ್ಕದಲ್ಲಿ ಟೇಪ್ ಹಿಡಿದಿರೋ ನಿಮ್ಮ ಪೈಪಿನ ಫೋಟೋ, ಎರಡೂ ಈಮೇಲ್ ಮಾಡಿ, "ಇಲ್ಲಿ 24 ಅಂತಿದೆ, ಇಲ್ಲಿ 11 ಇದೆ, ಯಾವಾಗ ಸರಿ ಮಾಡ್ತೀರಿ" ಅಂತ ಅಷ್ಟೇ ಕೇಳಿ. ಬಾಯ್ಲರ್‌ನ ತಯಾರಕರು ಹೇಳಿದಂಗೇ ಹಾಕ್ಬೇಕು ಅನ್ನೋದು ಸಾಮಾನ್ಯವಾಗಿ ಕೋಡಲ್ಲೇ (ಸರ್ಕಾರಿ ಕಟ್ಟಡ ನಿಯಮ) ಇರುತ್ತೆ, ವಾರಂಟಿಗೂ ಅದೇ ಷರತ್ತು. ಪರ್ಮಿಟ್ ತೆಗೆದಿದ್ರಾ ಅಂತಾನೂ ಟೌನ್ ಆಫೀಸಲ್ಲಿ ವಿಚಾರಿಸಿ. ಇನ್‌ಸ್ಪೆಕ್ಟರ್ ಪಾಸ್ ಮಾಡಿದಾರೆ ಅಂತ ಅವ್ರು ಹೇಳಿದ್ರೆ ಹೆದರ್ಬೇಡಿ, ಗ್ಯಾಸ್ ಲೈನು, ಸೇಫ್ಟಿ ವಾಲ್ವು, ಚಿಮಣಿ ನೋಡಿ ಹೋಗಿರ್ತಾರೆ, ಹೆಡರ್ ಎತ್ತರ ಅಳೆಯೋರು ಅಪರೂಪ.

ಇನ್ನೊಂದು, ಹಳೇ ಮೇನ್ ಪೈಪ್ ಮೇಲೆ ಬಿಳಿ ಬಟ್ಟೆ ಸುತ್ತಿದ ಹೊದಿಕೆ ಇದ್ರೆ ಅದು ಆಸ್‌ಬೆಸ್ಟಾಸ್ ಆಗಿರ್ಬಹುದು. ಪೈಪ್ ಕೆಲ್ಸಕ್ಕೆ ಬಂದವ್ರು ಅದನ್ನ ಕಿತ್ತು ಹಾಕೋಕೆ ಬಿಡ್ಬೇಡಿ, ಮೊದ್ಲು ಟೆಸ್ಟ್ ಮಾಡ್ಸಿ.

ಪೈಪ್‌ರೆಂಚ್

ಅಕ್ಕಾರು ಹೇಳಿದ್ದು ಬರೋಬ್ಬರಿ ಐತಿ. ಆದ್ರ ಪೈಪ್ ಬದಲಿ ಮಾಡಿದ ಮ್ಯಾಲ ಸ್ಕಿಮ್ ಮಾಡಸ್ರಿ, ಹೊಸ ಪೈಪಿಂದು ಹೊಸ ಎಣ್ಣಿ ಬರ್ತೈತಿ.

ಛಾವಣಿ ತಗ್ಗು ಅಂದ್ರ ಡ್ರಾಪ್ ಹೆಡರ್ ಅಂತ ಮಾಡಬಹುದ್ರಿ. ಬಾಯ್ಲರಿಂದ ಎದ್ದ ಪೈಪ್‌ಗಳನ್ನ ಆದಷ್ಟು ಎತ್ತರಕ್ಕ ಒಯ್ದು, ಅಲ್ಲಿಂದ ತಿರುಗ್ಸಿ ಕೆಳಗ ಇಳಿಸಿ, ಹೆಡರನ್ನ ಬಾಯ್ಲರಿನ ಹಿಂದ ತಗ್ಗಿನ್ಯಾಗ ಇಡೋದು. ನೀರು ಇನ್ನೂ ಚಲೋ ಬಿಡ್ತೈತಿ, ಸ್ವಿಂಗ್ ಜಾಯಿಂಟೂ ತಾನಾಗೇ ಆಗ್ತೈತಿ. ನಾಕು ಎಲ್ಬೋ ಹೆಚ್ಚು ಬೇಕಾಗ್ತಾವ ಅಷ್ಟ.

ಈಕ್ವಲೈಜರ್ ರಿಟರ್ನ್‌ಗೆ ಸೇರೋ ಜಾಗಕ್ಕ ಹಾರ್ಟ್‌ಫರ್ಡ್ ಲೂಪ್ ಅಂತಾರ. ರಿಟರ್ನ್ ಪೈಪ್ ಎಲ್ಲರೆ ಸೋರಿದ್ರ ಬಾಯ್ಲರ್ ನೀರೆಲ್ಲಾ ಅಲ್ಲಿಂದ ಖಾಲಿ ಆಗಬಾರದು ಅಂತ ಇರೋ ಏರ್ಪಾಡು ಅದು. ಆ ಜೋಡಣಿ ನೀರಿನ ಮಟ್ಟದಿಂದ ಎರಡು ಇಂಚರೆ ಕೆಳಗ ಇರಬೇಕು, ಅಲ್ಲಿ ಹಾಕೋ ನಿಪ್ಪಲ್, ಅಂದ್ರ ಎರಡೂ ತುದಿಗೆ ಥ್ರೆಡ್ ಇರೋ ಪೈಪಿನ ತುಂಡು, ಆದಷ್ಟು ಗಿಡ್ಡ ಇರಬೇಕು. ನಿಮ್ದು ಮಟ್ಟಕ್ಕ ಸರಿ ಐತಿ ಅಂದ್ರಿ, ನೀರು ತುಸು ಇಳಿದ್ರ ಸಾಕು ಅಲ್ಲಿ ಸ್ಟೀಮ್ ನುಗ್ಗಿ ಬಡೀತೈತಿ. ನಿಮ್ಮ ಸದ್ದಿನ್ಯಾಗ ಅರ್ಧ ಅಲ್ಲಿಂದನ ಬರ್ತಿರಬಹುದು.

ಕೆಲಸ ಶುರು ಮಾಡೋಕಿಂತ ಮೊದಲ ಬಾಯ್ಲರ್ ಗಾತ್ರ ಸರಿ ಐತೇನು ನೋಡ್ಕೋರಿ. ಎಲ್ಲಾ ರೇಡಿಯೇಟರ್‌ಗಳ ಇಡಿಆರ್ (ರೇಡಿಯೇಟರ್ ಎಷ್ಟು ಬಿಸಿ ಕೊಡ್ತೈತಿ ಅನ್ನೋ ಅಳತಿ) ಸ್ಕ್ವೇರ್ ಫೀಟ್ ಕೂಡಿಸಿ, ಬಾಯ್ಲರ್ ಪ್ಲೇಟ್ ಮ್ಯಾಲ ಸ್ಟೀಮ್ ಸ್ಕ್ವೇರ್ ಫೀಟ್ ಅಂತ ಬರ್ದಿದ್ದರ ಜೋಡಿ ಹೋಲಿಸ್ರಿ. ಪ್ಲೇಟ್ ಮ್ಯಾಲಿಂದು ಎರಡು ಪಟ್ಟು ಇದ್ರ ಪೈಪ್ ಎಷ್ಟು ಚಂದ ಮಾಡಿದ್ರೂ ಅದು ಗಡಿಬಿಡಿ ಮಾಡೋದ.

ಬಾಲ್ಕನಿ

ಸರಿ ಸರಿ, ವೆಂಟ್ ಮಾತು ವಾಪಸ್. ಆದ್ರೂ ಮೇನ್ ಪೈಪಿನ ತುದಿಗೆ ದೊಡ್ಡ ವೆಂಟ್ ಇದ್ಯಾ ಅಂತ ಒಂದ್ಸಲ ನೋಡಿ ಗುರು, ಸುಮಾರು ಮನೇಲಿ ಅದು ಇರೋದೇ ಇಲ್ಲ, ಇದ್ರೂ ಪೇಂಟ್ ಮೆತ್ತಿರ್ತಾರೆ.

ಚಳಿಮನೆ

ಲೆಕ್ಕ ಹಾಕ್ದೆ, ರೇಡಿಯೇಟರ್ ಎಲ್ಲಾ ಸೇರಿ 340, ಪ್ಲೇಟ್ ಮೇಲೆ 392. ಗಾತ್ರ ಪರವಾಗಿಲ್ಲ ಅನ್ಸುತ್ತೆ. ಮೇನ್ ತುದೀಲಿ ವೆಂಟ್ ಇದೆ, ಪೇಂಟ್ ಮೆತ್ತಿದೆ, ನೀವು ಹೇಳಿದಂಗೇ.

ಈಮೇಲ್ ಕಳ್ಸಿದೀನಿ. ಫೋನ್ ಮಾಡಿ "ಮ್ಯಾನ್ಯುಯಲ್‌ನ ಯಾರೂ ಅಷ್ಟು ಫಾಲೋ ಮಾಡಲ್ಲ" ಅಂದ್ರು, ಅದನ್ನೇ ಈಮೇಲಲ್ಲಿ ಬರೆದು ಕಳ್ಸಿ ಅಂದೆ, ಅದಾದ್ಮೇಲೆ ಸುದ್ದಿ ಇಲ್ಲ. ಅಲ್ಲೀವರೆಗೂ ಲೋ ವಾಟರ್ ಕಟಾಫ್‌ನ ಬೈಪಾಸ್ ಮಾಡ್ಕೊಂಡ್ರೆ ರಾತ್ರಿ ಹೀಟ್ ನಿಲ್ಲಲ್ಲ ಅಂತ ಅವ್ರ ಹುಡುಗ ಹೇಳಿದ್ದ, ಮಾಡ್ಬಹುದಾ?

ಪೈಪ್‌ರೆಂಚ್

ಬ್ಯಾಡ್ರೀ ಬ್ಯಾಡ್ರೀ! ನೀರಿಲ್ದ ಬಾಯ್ಲರ್ ಕೆಳಗ ಬೆಂಕಿ ಉರಿದ್ರ ಬಾಯ್ಲರ್ ಬಿರುಕು ಬಿಡ್ತೈತಿ, ಕೆಂಪಗ ಕಾಯ್ದಿದ್ದಕ್ಕ ಫೀಡರ್ ತಣ್ಣೀರು ಬಿಟ್ರ ಮನಿಗೇ ಅಪಾಯ. ಹಂಗ ಹೇಳಿದ ಹುಡುಗನ್ನ ಮತ್ತ ಬೇಸ್‌ಮೆಂಟಿಗೆ ಇಳಿಸಬ್ಯಾಡ್ರಿ. ಪ್ರೆಶರ್ ಕೆಳಗ ಇಡ್ರಿ, ರಾತ್ರಿ ಥರ್ಮೋಸ್ಟಾಟ್ ಭಾಳ ಇಳಿಸದ ಒಂದ ಕಡೆ ಬಿಡ್ರಿ, ಬೆಳಿಗ್ಗೆ ಉದ್ದ ಹೊತ್ತು ಉರಿಯೋದು ತಪ್ಪಿದ್ರ ನೀರು ಏಳೋದು ಕಡಿಮಿ ಆಗ್ತೈತಿ. ಫೀಡರ್ ಮೀಟರ್ ಇದ್ರ ದಿನಾ ಎಷ್ಟು ನೀರು ಹೋತು ಬರ್ದಿಡ್ರಿ. ಹೊಸ ನೀರಿನ ಜೋಡಿ ಬರೋ ಆಕ್ಸಿಜನ್ ಒಳಗ ತುಕ್ಕು ಹಿಡಸ್ತೈತಿ, ಮುಂದ ಅವರ ಜೋಡಿ ಜಗಳ ಬಂದ್ರ ಆ ಲೆಕ್ಕ ಉಪಯೋಗಕ್ಕ ಬರ್ತೈತಿ. ಅವರು ವಾರದಾಗ ಉತ್ತರ ಕೊಡ್ಲಿಲ್ಲ ಅಂದ್ರ ಬ್ಯಾರೆಯವರ ಕಡೆ ಕೊಟೇಶನ್ ತಗೋರಿ, ಅದರಾಗ ಕಪ್ಪು ಕಬ್ಬಿಣ, ಎರಡೂವರೆ ಇಂಚು, ಡ್ರಾಪ್ ಹೆಡರ್, ಕೊನಿಗೆ ಸ್ಕಿಮ್ಮಿಂಗ್, ಇಷ್ಟೂ ಬರ್ದು ಕೊಡಾಕ ಹೇಳ್ರಿ. ಬರ್ದು ಕೊಡಾಕ ಹಿಂದಮುಂದ ನೋಡಿದ್ರ ಮುಂದಿನವರಿಗೆ ಫೋನ್ ಹಚ್ರಿ.