ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ಕಡಿಮೆ ಮಾಡಿ ತೂಕ ಇಳಿಸಿದವರು ನಿಮ್ಮ ಅನುಭವ ಹೇಳ್ತೀರಾ?

ನನಗೆ 41 ವರ್ಷ, ತೂಕ 86 ಕೆ.ಜಿ. ದಿನವಿಡೀ ಕೂತು ಮಾಡುವ ಕೆಲಸ. ಮೂರು ವಾರದ ಹಿಂದೆ ಅನ್ನ, ಬ್ರೆಡ್, ಆಲೂಗಡ್ಡೆ, ಸಕ್ಕರೆ ಎಲ್ಲ ಒಂದೇ ಸಲ ಬಿಟ್ಟೆ. ಮೊದಲ ವಾರ 3 ಕೆ.ಜಿ. ಇಳಿಯಿತು, ನಂಬೋಕೇ ಆಗಲಿಲ್ಲ. ಆಮೇಲೆ ಎರಡು ವಾರದಿಂದ ಮುಳ್ಳು ಅಲ್ಲಾಡಿಲ್ಲ. ಜೊತೆಗೆ ತಲೆನೋವು, ಮೆಟ್ಟಿಲು ಹತ್ತಿದರೆ ಕಾಲು ಸೋಲುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ ಏನೂ ಇಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಗೊತ್ತಾಗುತ್ತಿಲ್ಲ. ಬಿಟ್ಟುಬಿಡಲಾ? ನಿಜವಾಗಿ ಮಾಡಿ ನೋಡಿದವರು ದಯವಿಟ್ಟು ಹೇಳಿ.

* * *

ಅಕ್ಕ, ಬಿಡಬೇಡಿ. ಆದರೆ ಈಗ ಮಾಡುತ್ತಿರುವ ಹಾಗೇ ಮುಂದುವರಿಸಲೂ ಬೇಡಿ. ನಾನು 92ರಿಂದ 76ಕ್ಕೆ ಬಂದವಳು. 13 ತಿಂಗಳು ಹಿಡಿಯಿತು. ಅಲ್ಲೇ ನಿಂತು ಈಗ ಎರಡು ವರ್ಷ. ನೀವು ಬರೆದದ್ದು ಓದುವಾಗ ನನ್ನ ಮೂರನೇ ವಾರವೇ ಕಣ್ಣ ಮುಂದೆ ಬಂತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಆ 3 ಕೆ.ಜಿ. ವಿಷಯ. ನಮ್ಮ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನೋ ರೂಪದಲ್ಲಿ ಕಾರ್ಬ್ ಸಂಗ್ರಹ ಇರುತ್ತದೆ, ಎರಡೂ ಸೇರಿ ಸುಮಾರು ಅರ್ಧ ಕೆ.ಜಿ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಕಾರ್ಬ್ ನಿಲ್ಲಿಸಿದ ಕೂಡಲೇ ದೇಹ ಆ ಸಂಗ್ರಹಕ್ಕೆ ಕೈ ಹಾಕುತ್ತದೆ, ಅದರ ಜೊತೆ ನೀರೂ ಹೋಗುತ್ತದೆ. ನಿಮಗೆ ಇಳಿದದ್ದರಲ್ಲಿ ಬಹುಪಾಲು ಆ ಸಂಗ್ರಹ ಮತ್ತು ನೀರೇ. ಕೊಬ್ಬು ಇಷ್ಟು ಬೇಗ ಕರಗುವುದಿಲ್ಲ. ವಾರಕ್ಕೆ ಅರ್ಧ ಕೆ.ಜಿ. ಇಳಿದರೆ ಅದು ಒಳ್ಳೆಯ ವೇಗ. ಅಂದರೆ ಮೊದಲ ವಾರ ನೀವು ಅಂದುಕೊಂಡಷ್ಟು ಗೆದ್ದಿರಲಿಲ್ಲ, ಈ ಎರಡು ವಾರ ಅಂದುಕೊಂಡಷ್ಟು ಸೋತೂ ಇಲ್ಲ. ಮುಟ್ಟಿನ ಮುಂಚಿನ ವಾರದಲ್ಲಂತೂ ಒಂದು, ಒಂದೂವರೆ ಕೆ.ಜಿ. ನೀರು ಸುಮ್ನೆ ಮೈಯಲ್ಲಿ ನಿಲ್ಲುತ್ತದೆ, ಕರಗಿದ ಕೊಬ್ಬು ಅದರ ಹಿಂದೆ ಅಡಗಿಬಿಡುತ್ತದೆ. ನಾನು ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸೊಂಟ ಅಳೆಯೋಕೆ ಶುರು ಮಾಡಿದೆ, ಹದಿನೈದು ದಿನಕ್ಕೊಮ್ಮೆ. ತೂಕ ನಿಂತೇ ಇದ್ದ ಒಂದು ತಿಂಗಳಲ್ಲಿ ಸೊಂಟ ಎರಡು ಇಂಚು ಇಳಿದಿತ್ತು. ಆ ದಿನದಿಂದ ಮುಳ್ಳಿನ ಮೇಲಿನ ಭಯ ಹೋಯಿತು.

ತಲೆನೋವು, ಕಾಲು ಸೋಲುವುದು: ಇದು ನೂರಕ್ಕೆ ತೊಂಬತ್ತು ಭಾಗ ಉಪ್ಪಿನ ಕೊರತೆ ಅಂತ ನನ್ನ ಅಂದಾಜು. ಕಾರ್ಬ್ ಕಡಿಮೆಯಾದರೆ ಇನ್ಸುಲಿನ್ ಇಳಿಯುತ್ತದೆ, ಇನ್ಸುಲಿನ್ ಇಳಿದರೆ ಕಿಡ್ನಿ ಸೋಡಿಯಂ ಹಿಡಿದಿಟ್ಟುಕೊಳ್ಳದೆ ನೀರಿನ ಜೊತೆ ಹೊರಗೆ ಹಾಕುತ್ತದೆ. ಅದರ ಮೇಲೆ ನಾವು ಡಯಟ್ ಅಂತ ಉಪ್ಪನ್ನೂ ಕಡಿಮೆ ಮಾಡಿರುತ್ತೇವೆ. ನಾನು ನಾಲ್ಕು ದಿನ ತಲೆ ಹಿಡಿದುಕೊಂಡು ಕೂತಿದ್ದೆ. ಐದನೇ ದಿನ ಒಂದು ದೊಡ್ಡ ಲೋಟ ಬಿಸಿ ತರಕಾರಿ ಸೂಪಿಗೆ ಕಾಲು ಚಮಚ ಉಪ್ಪು ಹಾಕಿ ಕುಡಿದೆ, ಮುಕ್ಕಾಲು ಗಂಟೆಯಲ್ಲಿ ತಲೆ ಹಗುರ. ನಿಮಗೆ ಬಿ.ಪಿ. ಇಲ್ಲ ಅಂದಿದ್ದೀರಿ, ಹಾಗಾಗಿ ಮಾಡಿ ನೋಡಿ. ಬಿ.ಪಿ., ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ಇದನ್ನು ಓದಿ ಉಪ್ಪು ಜಾಸ್ತಿ ಮಾಡಬೇಡಿ, ವೈದ್ಯರನ್ನು ಕೇಳಿ. ಎರಡು ಮೂರು ದಿನದಲ್ಲಿ ತಲೆನೋವು ಹೋಗದಿದ್ದರೆ ನೀವೂ ತೋರಿಸಿಬಿಡಿ.

ಇನ್ನು ಮೂರನೆಯದು, ನಾನು ನಿಜವಾಗಿ ಎಡವಿದ ಜಾಗ. ಕಾರ್ಬ್ ಇಲ್ಲ ಅಂದರೆ ಎಷ್ಟು ತಿಂದರೂ ನಡೆಯುತ್ತದೆ ಅಂದುಕೊಂಡಿದ್ದೆ. ಕೆಲಸದ ಮೇಜಿನ ಮೇಲೆ ಕಂಪ್ಯೂಟರ್ ಪಕ್ಕ ಬಾದಾಮಿ ಡಬ್ಬಿ ಇಟ್ಟುಕೊಂಡಿದ್ದೆ. ಕಣ್ಣು ಪರದೆ ಮೇಲೆ, ಕೈ ಡಬ್ಬಿಯೊಳಗೆ. ಒಂದು ದಿನ ಅನುಮಾನ ಬಂದು ಬೆಳಿಗ್ಗೆ ಡಬ್ಬಿ ತೂಗಿ ಇಟ್ಟೆ, ಸಂಜೆ ಮತ್ತೆ ತೂಗಿದೆ. 110 ಗ್ರಾಂ ಖಾಲಿಯಾಗಿತ್ತು. ನಾಲ್ಕೈದು ಸಲ ಕೈ ಹಾಕಿದ್ದು ಮಾತ್ರ ನೆನಪಿತ್ತು. ಲೆಕ್ಕ ಹಾಕಿದರೆ 600 ಕ್ಯಾಲೊರಿಗೂ ಜಾಸ್ತಿ, ಒಂದು ಊಟದಷ್ಟು. ಕಾರ್ಬ್, ಪ್ರೋಟೀನ್ ಗ್ರಾಂಗೆ 4 ಕ್ಯಾಲೊರಿ, ಕೊಬ್ಬು 9. ಒಂದು ದೊಡ್ಡ ಚಮಚ ಎಣ್ಣೆ ಅಂದರೆ 120 ಕ್ಯಾಲೊರಿ ಹತ್ತಿರ. ಕಾರ್ಬ್ ಕಡಿಮೆ ಮಾಡಿದರೆ ತೂಕ ಇಳಿಯುವುದಕ್ಕೆ ದೊಡ್ಡ ಕಾರಣ ಹಸಿವು ತಗ್ಗಿ ನಾವು ತಾನಾಗೇ ಕಡಿಮೆ ತಿನ್ನುವುದು. ಚೀಸ್, ಬೆಣ್ಣೆ, ಬಾದಾಮಿಯಿಂದ ಆ ಜಾಗ ತುಂಬಿಸಿಬಿಟ್ಟರೆ ಮುಳ್ಳು ಅಲ್ಲಾಡುವುದಿಲ್ಲ. ನೀವು ದಿನಕ್ಕೆ ಏನೇನು ತಿನ್ನುತ್ತೀರಿ ಬರೆದಿಲ್ಲ. ಮೂರು ದಿನ, ಮೂರೇ ದಿನ, ಬಾಯಿಗೆ ಹೋದದ್ದೆಲ್ಲ ತೂಗಿ ಬರೆದಿಡಿ. ಉತ್ತರ ಅಲ್ಲೇ ಸಿಗುತ್ತದೆ.

* * *

ಮೇಲಿನವರು ಹೇಳಿದ್ದಕ್ಕೆ ನನ್ನದೂ ಹೌದು. ಆದರೆ ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು ಹೇಳಲೇಬೇಕು. ನೀವು ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ದರೆ ವೈದ್ಯರಿಗೆ ಹೇಳದೆ ಒಂದು ದಿನವೂ ಇದನ್ನು ಶುರು ಮಾಡಬೇಡಿ.

ನಮ್ಮ ಅಪ್ಪ ಗ್ಲಿಮೆಪಿರೈಡ್ ಅನ್ನೋ ಸಕ್ಕರೆ ಇಳಿಸುವ ಮಾತ್ರೆ ತಗೊಳ್ಳುತ್ತಿದ್ದರು. ನಾನು ತೂಕ ಇಳಿಸಿದ್ದು ನೋಡಿ ಅವರೂ ಅನ್ನ, ಬ್ರೆಡ್ ಬಿಟ್ಟರು, ಮಾತ್ರೆ ಮಾತ್ರ ಹಾಗೇ ನುಂಗುತ್ತಿದ್ದರು. ಮೂರನೇ ದಿನ ಮಧ್ಯಾಹ್ನ ನೀರಿನ ಲೋಟ ಹಿಡಿದ ಕೈ ನಡುಗಿ ನೀರೆಲ್ಲ ಅಂಗಿ ಮೇಲೆ ಚೆಲ್ಲಿತು, ಹಣೆ ಮೇಲೆ ತಣ್ಣನೆ ಬೆವರು, ಕರೆದರೆ ಸರಿಯಾಗಿ ಮಾತಿಲ್ಲ. ಬೆರಳು ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಬರೀ 54. ಸಕ್ಕರೆ ನೀರು ಕುಡಿಸಿದೆವು, ಹದಿನೈದು ನಿಮಿಷದಲ್ಲಿ ಸರಿಹೋದರು. ಆ ಹದಿನೈದು ನಿಮಿಷ ನಾನು ಮರೆಯುವುದಿಲ್ಲ. ಅದೇ ಸಂಜೆ ವೈದ್ಯರಿಗೆ ತೋರಿಸಿದೆವು, ಅವರು ಮಾತ್ರೆ ಕಡಿಮೆ ಮಾಡಿದ ಮೇಲೆ ಅಪ್ಪ ನಿಧಾನವಾಗಿ ಮುಂದುವರಿಸಿದರು, ಈಗ ಚೆನ್ನಾಗಿದ್ದಾರೆ.

ಇನ್ನೊಂದು ಗುಂಪಿನ ಮಾತ್ರೆ ಇದೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ. ಅದರ ಜೊತೆ ಕಾರ್ಬ್ ತೀರಾ ಕಡಿಮೆ ಮಾಡಿದರೆ ರಕ್ತದಲ್ಲಿ ಕೀಟೋನ್ ಆಮ್ಲ ಅಪಾಯದ ಮಟ್ಟಕ್ಕೆ ಏರಬಹುದು, ಸಕ್ಕರೆ ಜಾಸ್ತಿ ಕಾಣಿಸದೆಯೂ ಏರಬಹುದು, ಅದೇ ಭಯದ ವಿಷಯ. ಬಿ.ಪಿ. ಮಾತ್ರೆಯವರಿಗೂ ಎದ್ದು ನಿಂತಾಗ ತಲೆ ಸುತ್ತುತ್ತಿದ್ದರೆ ಡೋಸ್ ನೋಡಿಸಬೇಕು. ಗರ್ಭಿಣಿಯರು, ಹಾಲುಣಿಸುವ ತಾಯಂದಿರು ಈ ದಾರಿಗೆ ಸುಮ್ನೆ ತಾವಾಗೇ ಬರಬೇಡಿ.

* * *

ನಾನು ಮೊಟ್ಟೆ, ಮಾಂಸ ತಿನ್ನದವಳು. ಸಸ್ಯಾಹಾರಿಗಳಿಗೆ ಆಗಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆಗುತ್ತದೆ, ಆದರೆ ಗುರಿ ಬದಲಾಯಿಸಿಕೊಳ್ಳಬೇಕು. ಕೀಟೋ ಅಂತ ದಿನಕ್ಕೆ 20, 30 ಗ್ರಾಂ ಕಾರ್ಬ್‌ಗೆ ಇಳಿಯೋಕೆ ಹೋಗಿ ನಾನು ಎರಡು ಸಲ ಸೋತೆ, ಯಾಕೆಂದರೆ ನಮಗೆ ಪ್ರೋಟೀನ್ ಕೊಡುವ ಬೇಳೆ, ಕಾಳಿನಲ್ಲೇ ಕಾರ್ಬ್ ಇದೆ. ಬೇಯಿಸಿದ ಬೇಳೆ 100 ಗ್ರಾಂನಲ್ಲಿ 9 ಗ್ರಾಂ ಪ್ರೋಟೀನ್, 20 ಗ್ರಾಂ ಕಾರ್ಬ್. ಮೂರನೇ ಸಲ 100 ಗ್ರಾಂ ಅಂತ ಮಿತಿ ಇಟ್ಟುಕೊಂಡೆ. ಬೇಳೆ ಒಂದು ಬಟ್ಟಲು, ಟೋಫು, ನೀರು ಬಸಿದ ಗಟ್ಟಿ ಮೊಸರು, ತಟ್ಟೆ ತುಂಬ ಸೊಪ್ಪು, ಹೂಕೋಸು, ಬೀನ್ಸ್. ಒಂಬತ್ತು ತಿಂಗಳಲ್ಲಿ 8 ಕೆ.ಜಿ. ನಿಧಾನ, ಆದರೆ ಒಂದು ದಿನವೂ ಹಸಿದು ಮಲಗಲಿಲ್ಲ.

ಮಲಬದ್ಧತೆ ಬಗ್ಗೆ ಯಾರೂ ಬರೆದಿಲ್ಲ. ಧಾನ್ಯ ಬಿಟ್ಟಾಗ ನಾರೂ ಹೋಗುತ್ತದೆ. ತರಕಾರಿ, ನೀರು, ರಾತ್ರಿ ನೆನೆಸಿದ ಒಂದು ಚಮಚ ಅಗಸೆ ಬೀಜದ ಪುಡಿ, ಇಷ್ಟರಲ್ಲಿ ನನಗೆ ಸರಿಹೋಯಿತು. ಶುಗರ್ ಫ್ರೀ ಚಾಕೊಲೇಟು ತಿಂದರೆ ಉಲ್ಟಾ ಆಗುತ್ತದೆ. ಅದರಲ್ಲಿ ಸಕ್ಕರೆ ಬದಲು ಹಾಕುವ ಮಾಲ್ಟಿಟಾಲ್ ಇದ್ದರೆ ಹೊಟ್ಟೆ ಗುಡುಗುಡು, ಭೇದಿ. ಅದರಲ್ಲೂ ಸ್ವಲ್ಪ ಕಾರ್ಬ್ ಸೇರುತ್ತದೆ.

* * *

ನಾನು ಐದು ತಿಂಗಳು ಮಾಡಿ ಬಿಟ್ಟವನು. 9 ಕೆ.ಜಿ. ಇಳಿದಿತ್ತು, ಅದು ಸುಳ್ಳಲ್ಲ. ಆದರೆ ನನಗೆ ಅನ್ನ ಇಲ್ಲದೆ ಮನಸ್ಸು ನಿಲ್ಲುವುದಿಲ್ಲ, ರಾತ್ರಿ ಅದರದ್ದೇ ಯೋಚನೆ. ಬಿಟ್ಟ ದಿನ ಹೊಟ್ಟೆ ಬಿರಿಯ ತಿಂದೆ, ಮೂರು ದಿನಕ್ಕೆ 2 ಕೆ.ಜಿ. ಏರಿತು. ಎಲ್ಲ ಹೋಯಿತು ಅಂತ ಕೈಚೆಲ್ಲಿ ಎರಡು ತಿಂಗಳು ಮನಸ್ಸಿಗೆ ಬಂದ ಹಾಗೆ ತಿಂದು ಆರು ಕೆ.ಜಿ. ವಾಪಸ್ ತಂದುಕೊಂಡೆ. ಆ 2 ಕೆ.ಜಿ. ಗ್ಲೈಕೋಜನ್ ಮತ್ತು ನೀರು ಅಂತ ಆಗ ಯಾರಾದರೂ ಹೇಳಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ನಿಮಗೆ ಒಗ್ಗದಿದ್ದರೆ ನಿಮ್ಮಲ್ಲೇನೂ ಕೊರತೆ ಇಲ್ಲ. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ ಒಂದು ಅಧ್ಯಯನ ಬಂತು. 609 ಜನ, ಒಂದು ವರ್ಷ. ಒಂದು ಗುಂಪಿಗೆ ಕಾರ್ಬ್ ಕಡಿಮೆ, ಇನ್ನೊಂದಕ್ಕೆ ಕೊಬ್ಬು ಕಡಿಮೆ, ಇಬ್ಬರಿಗೂ ಸಕ್ಕರೆ, ಮೈದಾ ಕಡಿಮೆ ಮಾಡಿ ತರಕಾರಿ ಜಾಸ್ತಿ ತಿನ್ನಿ ಅಂತ ಹೇಳಿದ್ದರು. ಕೊನೆಗೆ ಸರಾಸರಿ ಇಳಿದದ್ದು 6 ಕೆ.ಜಿ. ಮತ್ತು 5.3 ಕೆ.ಜಿ. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಆದರೆ ಒಂದೇ ಗುಂಪಿನೊಳಗೆ ಕೆಲವರು 20 ಕೆ.ಜಿ.ಗೂ ಜಾಸ್ತಿ ಇಳಿಸಿದ್ದರು, ಕೆಲವರು ಏರಿಸಿಕೊಂಡಿದ್ದರು. ನಾನು ಈಗ ಅನ್ನ ತೂಗಿ ತಿನ್ನುತ್ತೇನೆ, ಸಕ್ಕರೆ ಬಿಟ್ಟಿದ್ದೇನೆ, ವಾರಕ್ಕೆ ಮೂರು ದಿನ ಭಾರ ಎತ್ತುತ್ತೇನೆ. ಮೊದಲಿನಷ್ಟು ಬೇಗ ಅಲ್ಲ, ಆದರೂ ಇಳಿಯುತ್ತಿದೆ.

* * *

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ದಿನ ಬರೆದಿಟ್ಟೆ. ನನ್ನದು ಬಾದಾಮಿ ಅಲ್ಲ, ಚೀಸ್. ಅಡುಗೆ ಮಾಡುವಾಗ ನಿಂತಲ್ಲೇ ಕತ್ತರಿಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಅದು ಊಟ ಅಂತ ಅನ್ನಿಸಿಯೇ ಇರಲಿಲ್ಲ. ಉಪ್ಪು ಹಾಕಿದ ಸೂಪು ಕುಡಿದ ಮೇಲೆ ತಲೆನೋವು ನಿಜವಾಗಿಯೂ ಇಳಿದಿದೆ. ಇನ್ನೂ ಎರಡು ಪ್ರಶ್ನೆ. ಸಂಜೆ ಆರರ ಹಸಿವಿಗೆ ಏನು ಮಾಡೋದು? ಮನೆಯಲ್ಲಿ ಎಲ್ಲರೂ ಮಾಮೂಲಿ ಊಟ ಮಾಡುವಾಗ ನಾನೊಬ್ಬಳು ಬೇರೆ ತಟ್ಟೆ ಇಟ್ಟುಕೊಂಡು ಎಷ್ಟು ದಿನ ಕೂರಲಿ?

* * *

ಮೊದಲು ಬರೆದವಳೇ ಮತ್ತೆ ಬಂದೆ. ತಲೆನೋವು ಇಳಿದದ್ದು ಕೇಳಿ ಸಮಾಧಾನ ಆಯಿತು ಅಕ್ಕ.

ಸಂಜೆಯ ಹಸಿವಿಗೆ ಮದ್ದು ಸಂಜೆಯಲ್ಲಿಲ್ಲ, ಬೆಳಿಗ್ಗೆ ಮಧ್ಯಾಹ್ನದಲ್ಲಿದೆ. ನಿಮ್ಮ ಪಟ್ಟಿಯಲ್ಲಿ ಪ್ರೋಟೀನ್ ಎಷ್ಟಿದೆ ನೋಡಿ. ನೀವು ತಲುಪಬೇಕೆಂದಿರುವ ತೂಕ 70 ಅಂದುಕೊಂಡರೆ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 85ರಿಂದ 110 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಮಾತ್ರ. ಬೇಯಿಸಿದ ಕೋಳಿ ಎದೆ ಮಾಂಸ 100 ಗ್ರಾಂನಲ್ಲಿ 30. ನಾನು ಬೆಳಿಗ್ಗೆ ಒಂದು ಮೊಟ್ಟೆ ತಿಂದು ಸಾಕು ಅಂದುಕೊಳ್ಳುತ್ತಿದ್ದೆ, ಮೂರು ಮೊಟ್ಟೆ ಮತ್ತು ಒಂದು ಬಟ್ಟಲು ಗಟ್ಟಿ ಮೊಸರಿಗೆ ಏರಿಸಿದ ವಾರದಲ್ಲೇ ಸಂಜೆಯ ಆ ಚಡಪಡಿಕೆ ನಿಂತಿತು. ಪ್ರೋಟೀನ್ ಕಡಿಮೆ ಇಟ್ಟು ಬೇಗ ಇಳಿಸಲು ಹೋದವರಿಗೆ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುವುದೂ ಇದೆ, ನನಗೂ ಆಯಿತು, ಆಮೇಲೆ ವಾಪಸ್ ಬಂತು. (ಕಿಡ್ನಿ ತೊಂದರೆ ಇರುವವರಿಗೆ ಈ ಪ್ರೋಟೀನ್ ಲೆಕ್ಕ ಅನ್ವಯಿಸುವುದಿಲ್ಲ.)

ಬೇರೆ ತಟ್ಟೆ ಬೇಡ. ನಾನು ಎರಡು ತಿಂಗಳಾದ ಮೇಲೆ ಮನೆಯವರ ಊಟಕ್ಕೇ ಬಂದೆ, ತಟ್ಟೆಯಲ್ಲಿ ಜಾಗ ಮಾತ್ರ ಬದಲಾಯಿಸಿದೆ. ಮೊದಲು ತರಕಾರಿ ಅರ್ಧ ತಟ್ಟೆ, ಆಮೇಲೆ ಮೊಟ್ಟೆಯೋ ಮೀನೋ ಕಾಳೋ, ಕೊನೆಗೆ ಅನ್ನ, 100 ಗ್ರಾಂ ತೂಗಿ. ಅದರಲ್ಲಿ 28 ಗ್ರಾಂ ಕಾರ್ಬ್. ಒಂದು ಸೇಬು 25, ಒಂದು ಲೋಟ ಹಾಲು 10, ತರಕಾರಿ ಮೊಸರಿಂದ 30. ದಿನಕ್ಕೆ 100ರ ಒಳಗೇ ನಿಲ್ಲುತ್ತದೆ. ಈಗ ನಮ್ಮ ಮನೆಯಲ್ಲಿ ಎಲ್ಲರ ತಟ್ಟೆಯಲ್ಲೂ ತರಕಾರಿ ಜಾಸ್ತಿಯಾಗಿದೆ, ನಾನು ಯಾರಿಗೂ ಹೇಳಲಿಲ್ಲ.

ಒಂದು ಕೆಲಸ ಈ ವಾರವೇ ಮಾಡಿ. ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ ಕಾಗದ ಎತ್ತಿಡಿ, ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿ. ಈ ಊಟದಲ್ಲಿ ಹೆಚ್ಚಿನವರಿಗೆ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಇಳಿಯುತ್ತದೆ, ಕೆಲವರಿಗೆ ಮಾತ್ರ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಏರುತ್ತದೆ. ನನಗೆ ಏರಿತ್ತು. ಬೆಣ್ಣೆ, ಕೆನೆ ಕಡಿಮೆ ಮಾಡಿ ಮೀನು, ಆಲಿವ್ ಎಣ್ಣೆ, ಕಾಳಿನ ಕಡೆ ತಿರುಗಿದ ಮೇಲೆ ಇಳಿಯಿತು. ಮೊದಲಿನ ಕಾಗದ ಇಲ್ಲದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ. ಚೀಸ್ ಬಿಟ್ಟುಬಿಡಿ ಅಂತ ಹೇಳಲ್ಲ. 30 ಗ್ರಾಂ ತೂಗಿ, ತಟ್ಟೆಗೆ ಹಾಕಿಕೊಂಡು, ಕೂತು ತಿನ್ನಿ. ಹದಿನೈದು ದಿನ ಬಿಟ್ಟು ಸೊಂಟದ ಅಳತೆ ಬರೆಯಿರಿ, ಕಾಯುತ್ತಿರುತ್ತೇನೆ.