ಯಾವ ಗೇಮ್‌ನ ಜಗತ್ತು ಎಂಎಂಒ ಆಗಬಹುದು? ಆಡಿದವರು ಅನುಭವ ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ಬೆಂಗಳೂರಿನಲ್ಲಿ ಗೇಮ್ ಡಿಸೈನ್ ಓದುತ್ತಿದ್ದೇವೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಮ್ಮ ಸರ್ ಕೊಟ್ಟ ಕೆಲಸ ಇದು: ಈಗಾಗಲೇ ಇರುವ ಒಂದು ಗೇಮ್‌ನ ಜಗತ್ತನ್ನು ಆರಿಸಿಕೊಳ್ಳಬೇಕು. ಸಾವಿರಾರು ಜನ ಒಟ್ಟಿಗೆ ಆಡುವ ಆನ್‌ಲೈನ್ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಎಂಎಂಒ ಆಗಿ ಅದನ್ನು ಕಾಗದದ ಮೇಲೆ ಕಟ್ಟಬೇಕು. ನಮ್ಮ ಪಟ್ಟಿಯಲ್ಲಿ ವಿಚರ್, ಮಾಸ್ ಎಫೆಕ್ಟ್, ಎಲ್ಡನ್ ರಿಂಗ್, ಸ್ಟಾರ್‌ಡ್ಯೂ ವ್ಯಾಲಿ ಇವೆ. ನಾವು ಸಿಂಗಲ್ ಪ್ಲೇಯರ್ ಆಡಿದ್ದೇ ಜಾಸ್ತಿ. ಎಂಎಂಒಗಳನ್ನು ವರ್ಷಗಟ್ಟಲೆ ಆಡಿದವರು ಇದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ಹೇಳಿದರೆ ತುಂಬಾ ಉಪಕಾರ.

ಉತ್ತರ, ಮೈಸೂರಿನಿಂದ

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್, ಫಾಲ್‌ಔಟ್ 76 ಎರಡನ್ನೂ ಬಹಳ ಕಾಲ ಆಡಿದವನು ನಾನು. ಎರಡೂ ಒಬ್ಬರೇ ಆಡುವ ಗೇಮ್‌ಗಳ ಜಗತ್ತಿನಿಂದ ಬಂದವು. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಅನುಭವ ಇದೆ.

ಮೊದಲ ಸಲಹೆ ಇಷ್ಟೇ. ಪಟ್ಟಿಯಲ್ಲಿರುವ ಪ್ರತಿ ಜಗತ್ತಿನಿಂದಲೂ ಕಥಾನಾಯಕನನ್ನು ತೆಗೆದುಬಿಡಿ. ಆಮೇಲೆ ಏನು ಉಳಿಯುತ್ತದೆ ನೋಡಿ. ಅಲ್ಲಿನ ಸಾಮಾನ್ಯ ಮನುಷ್ಯನಿಗೆ ಬೆಳಗ್ಗೆ ಎದ್ದರೆ ಮಾಡಲು ಕೆಲಸ ಇದೆಯಾ? ಅವನಿಗೆ ಪಕ್ಕದವರಿಂದ ಏನಾದರೂ ಬೇಕಾಗುತ್ತದಾ? ಹೌದು ಅಂತಾದರೆ ಮುಂದುವರಿಯಿರಿ. ಇಲ್ಲದಿದ್ದರೆ ಮ್ಯಾಪ್ ಎಷ್ಟೇ ಚಂದ ಇರಲಿ, ಜನ ಕಥೆ ಮುಗಿಸಿ ಹೊರಟುಹೋಗುತ್ತಾರೆ.

ವಿಚರ್ ನನ್ನ ಪ್ರಕಾರ ಇಲ್ಲೇ ಬೀಳುತ್ತದೆ. ಆ ಜಗತ್ತಿನಲ್ಲಿ ವಿಚರ್‌ಗಳು, ಅಂದರೆ ಹಣ ಪಡೆದು ರಾಕ್ಷಸ ಪ್ರಾಣಿಗಳನ್ನು ಬೇಟೆಯಾಡುವವರು, ಬೆರಳೆಣಿಕೆಯಷ್ಟು. ಹೊಸಬರನ್ನು ತಯಾರು ಮಾಡುವುದೇ ನಿಂತುಹೋಗಿದೆ. ಕಥಾನಾಯಕ ಗೆರಾಲ್ಟ್ ಊರೊಳಗೆ ಬಂದರೆ ಜನ ತಿರುಗಿ ನೋಡುವುದು ಅದಕ್ಕೇ. ಆದರೆ ಗೇಮ್ ಕೊಳ್ಳುವ ಪ್ರತಿಯೊಬ್ಬರಿಗೂ ವಿಚರ್ ಆಗಬೇಕು. ಒಂದು ಹಳ್ಳಿಯ ನೋಟಿಸ್ ಬೋರ್ಡ್ ಮುಂದೆ ಬೆನ್ನಿಗೆ ಎರಡು ಕತ್ತಿ ಕಟ್ಟಿಕೊಂಡ ನೂರು ಜನ ನಿಂತರೆ ಆ ಜಗತ್ತಿನ ರುಚಿಯೇ ಹೋಯಿತು, ಅಲ್ವಾ?

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ 2014ರಲ್ಲಿ ಬಂದಾಗ ಇಂಥದ್ದೇ ತೊಂದರೆ ಇತ್ತು. ಕಥೆ ಪ್ರತಿಯೊಬ್ಬರಿಗೂ 'ನೀನೇ ಜಗತ್ತನ್ನು ಉಳಿಸುವವನು' ಅನ್ನುತ್ತಿತ್ತು. ಅದೇ ಗುಹೆಯ ಬಾಗಿಲಲ್ಲಿ ಅಂಥವರು ಹತ್ತು ಜನ ಕಾಯುತ್ತಿದ್ದರು. ಇದಕ್ಕಿಂತ ದೊಡ್ಡ ಸಮಸ್ಯೆ ಬಣಗಳದ್ದು. ಆಟಗಾರರನ್ನು ಮೂರು ಬಣವಾಗಿ ಒಡೆದಿದ್ದರು. ನಾನೊಂದು ಬಣ, ನನ್ನ ತಮ್ಮ ಇನ್ನೊಂದು ಬಣ. ಒಂದೇ ಮನೆಯಲ್ಲಿ ಕೂತು ಒಟ್ಟಿಗೆ ಕ್ವೆಸ್ಟ್ (ಗೇಮ್ ಕೊಡುವ ಕೆಲಸ) ಮಾಡಲು ಆಗುತ್ತಿರಲಿಲ್ಲ. 2016ರ ಅಕ್ಟೋಬರ್‌ನಲ್ಲಿ 'ಒನ್ ಟ್ಯಾಮ್ರಿಯೆಲ್' ಅಪ್‌ಡೇಟ್ ಬಂತು. ಯಾರು ಬೇಕಾದರೂ ಯಾವ ಪ್ರದೇಶಕ್ಕೆ ಬೇಕಾದರೂ ಹೋಗಬಹುದು, ಯಾವ ಬಣದವರ ಜೊತೆಗಾದರೂ ಸೇರಬಹುದು ಅಂತಾಯಿತು. ನಮಗೆ ಆ ಗೇಮ್ ನಿಜವಾಗಿ ಶುರುವಾದದ್ದು ಆಗ. ಬಣ ಇರಲಿ, ಆದರೆ ಗೆಳೆಯರ ನಡುವೆ ಗೋಡೆ ಎಬ್ಬಿಸಬೇಡಿ.

ಫಾಲ್‌ಔಟ್ 76 ಬೇರೆಯದೇ ಪಾಠ ಕಲಿಸಿತು. 2018ರಲ್ಲಿ ಬಿಟ್ಟಾಗ ಅದರಲ್ಲಿ ಮನುಷ್ಯ ಎನ್‌ಪಿಸಿಗಳೇ (ಆಟಗಾರರಲ್ಲದ, ಗೇಮ್ ತಾನೇ ನಡೆಸುವ ಪಾತ್ರಗಳು) ಇರಲಿಲ್ಲ. ಆಟಗಾರರೇ ಜಗತ್ತನ್ನು ತುಂಬುತ್ತಾರೆ ಅನ್ನುವ ಯೋಚನೆ ಒಳ್ಳೆಯದೇ. ಆದರೆ ಒಂದು ಸರ್ವರ್‌ನಲ್ಲಿ ಇರುತ್ತಿದ್ದವರು ಸುಮಾರು 24 ಜನ. ಅಷ್ಟು ದೊಡ್ಡ ಪಶ್ಚಿಮ ವರ್ಜೀನಿಯಾದಲ್ಲಿ ಗಂಟೆಗಟ್ಟಲೆ ನಡೆದರೂ ಸಿಗುತ್ತಿದ್ದದ್ದು ಸತ್ತವರು ಮಾತು ದಾಖಲಿಸಿ ಬಿಟ್ಟುಹೋದ ಟೇಪ್‌ಗಳು ಮಾತ್ರ. 2020ರ ಏಪ್ರಿಲ್‌ನಲ್ಲಿ ವೇಸ್ಟ್‌ಲ್ಯಾಂಡರ್ಸ್ ಅಪ್‌ಡೇಟ್‌ನಿಂದ ಮನುಷ್ಯರು ವಾಪಸ್ ಬಂದರು. ಜಗತ್ತಿಗೆ ಉಸಿರು ಬಂತು. ಆ ಖಾಲಿ ದಿನಗಳಲ್ಲೂ ಒಂದು ಚಂದದ ಸಂಗತಿ ನಡೆಯುತ್ತಿತ್ತು. ದೊಡ್ಡ ಲೆವೆಲ್‌ನವರು ಹೊಸಬರನ್ನು ಹುಡುಕಿಕೊಂಡು ಹೋಗಿ ಔಷಧಿ, ಗುಂಡು, ಆಯುಧ ಕೊಟ್ಟು ಬರುತ್ತಿದ್ದರು. ನನಗೂ ಹಾಗೆ ಸಿಕ್ಕಿತ್ತು. ಆಮೇಲೆ ನಾನೂ ಕೊಟ್ಟೆ. ಹೀಗೆ ಕೊಡಲು ದಾರಿ ಇರುವ ಗೇಮ್ ಮಾಡಿ.

ಈಗ ನಿಮ್ಮ ಪಟ್ಟಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು: ಮಾಸ್ ಎಫೆಕ್ಟ್. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ.

ಅದು ಬಾಹ್ಯಾಕಾಶದ ಕಥೆ, ನಾಯಕ ಶೆಪರ್ಡ್. ಶೆಪರ್ಡ್‌ನನ್ನು ತೆಗೆದರೂ ಆ ಜಗತ್ತು ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿನ ಒಂದು ಅನ್ಯಗ್ರಹ ಜನಾಂಗ ಕ್ವೇರಿಯನ್ನರನ್ನೇ ನೋಡಿ. ಅವರು ಸೃಷ್ಟಿಸಿದ ಗೆತ್ ಯಂತ್ರಗಳೇ ಅವರನ್ನು ಸ್ವಂತ ಗ್ರಹದಿಂದ ಓಡಿಸಿದವು. ಈಗ ಇಡೀ ಜನಾಂಗ ಹಡಗುಗಳ ಗುಂಪಿನಲ್ಲಿ ಅಲೆಯುತ್ತಿದೆ. ರೋಗನಿರೋಧಕ ಶಕ್ತಿ ಕಡಿಮೆ, ಹಾಗಾಗಿ ಸೂಟ್ ತೊಟ್ಟೇ ಬದುಕಬೇಕು. ಹರೆಯಕ್ಕೆ ಬಂದವರು 'ಪಿಲ್‌ಗ್ರಿಮೇಜ್' ಅಂತ ಹಡಗುಗಳನ್ನು ಬಿಟ್ಟು ಹೊರಗೆ ಹೋಗಬೇಕು. ತಮ್ಮವರಿಗೆ ಉಪಯೋಗಕ್ಕೆ ಬರುವ ಏನನ್ನಾದರೂ ತಂದರೆ ಮಾತ್ರ ಯಾವುದಾದರೂ ಹಡಗಿನಲ್ಲಿ ದೊಡ್ಡವರಾಗಿ ಜಾಗ. ಎಂಎಂಒದ ಮೊದಲ ಇಪ್ಪತ್ತು ಲೆವೆಲ್‌ಗೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ? ಬರೆದಿಟ್ಟ ಹಾಗಿದೆ. ಗಿಲ್ಡ್ (ಆಟಗಾರರ ಕಾಯಂ ಗುಂಪು) ಅಂದರೆ ಒಂದು ಹಡಗು. ಹೊಸಬ ತಂದದ್ದನ್ನು ಆ ಹಡಗಿನ ಕ್ಯಾಪ್ಟನ್ ಒಪ್ಪಿಕೊಂಡರೆ ಅವನು ಅವರ ಮನೆಯವನು.

ಊಟದ ವಿಷಯ ನೋಡಿ. ಇನ್ನೊಂದು ಜನಾಂಗವಾದ ಟ್ಯೂರಿಯನ್ನರ ಮತ್ತು ಕ್ವೇರಿಯನ್ನರ ದೇಹದ ರಚನೆಯೇ ಬೇರೆ. ಮನುಷ್ಯರ ಊಟ ಅವರಿಗೆ ಆಗುವುದಿಲ್ಲ. ಅಂದರೆ ಅಡುಗೆ ಕಲಿತ ಆಟಗಾರ ಯಾರಿಗೆ ಮಾರುತ್ತೇನೆ ಅಂತ ಯೋಚಿಸಲೇಬೇಕು. ಸುಮ್ನೆ ಪಾಯಿಂಟ್ ಕೂಡಿಸುವ ಕ್ರಾಫ್ಟಿಂಗ್ (ವಸ್ತು ತಯಾರಿಸುವ ಕೆಲಸ) ಆಗುವುದಿಲ್ಲ.

ಹೊಡೆದಾಟಕ್ಕೂ ತಯಾರಿ ಆಗಿದೆ. ಮಾಸ್ ಎಫೆಕ್ಟ್ 3ರಲ್ಲಿ, 2012ರಲ್ಲೇ, ನಾಲ್ಕು ಜನ ಒಟ್ಟಿಗೆ ಆಡುವ ಮೋಡ್ ಇತ್ತು. ಒಬ್ಬರು ಶತ್ರುವಿನ ಮೇಲೆ ಬಯೋಟಿಕ್ ಶಕ್ತಿ (ಮನಸ್ಸಿನಿಂದ ವಸ್ತುಗಳನ್ನು ಎತ್ತಿ ಎಸೆಯುವಂಥ ಶಕ್ತಿ) ಹಾಕಿ ಇಟ್ಟರೆ, ಇನ್ನೊಬ್ಬರು ಬೇರೆ ಶಕ್ತಿಯಿಂದ ಅದನ್ನು ಸ್ಫೋಟಿಸಬಹುದಿತ್ತು. ಮೈಕ್ ಇಲ್ಲದೆ, ಪರಿಚಯ ಇಲ್ಲದೆ, ಯಾರೋ ಅಪರಿಚಿತರ ಜೊತೆ ಆ ಕಾಂಬೊ ಕೂಡಿ ಬಂದಾಗ ಆಗುವ ಖುಷಿಯನ್ನು ನಾನು ಬೇರೆ ಕಡೆ ಕಂಡದ್ದು ಕಡಿಮೆ.

ಹೊಸ ಪ್ರದೇಶ ಸೇರಿಸುವುದೂ ಸುಲಭ. ಅಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗುವುದು ಹಡಗುಗಳನ್ನು ಕ್ಷಣದಲ್ಲಿ ದೂರಕ್ಕೆ ಕಳಿಸುವ ಮಾಸ್ ರಿಲೇಗಳ ಮೂಲಕ. ಎಷ್ಟೋ ರಿಲೇಗಳು ಇನ್ನೂ ಮುಚ್ಚಿವೆ, ಆಚೆ ಏನಿದೆಯೋ ಗೊತ್ತಿಲ್ಲದೆ ತೆರೆಯಬಾರದು ಅಂತ ಕಾನೂನಿದೆ. ಒಂದು ರಿಲೇ ತೆರೆದರೆ ಒಂದು ಎಕ್ಸ್‌ಪಾನ್ಷನ್, ಅಂದರೆ ಗೇಮ್‌ಗೆ ಹೊಸ ಭಾಗ.

ಕಾಲ ಮಾತ್ರ ಜಾಣತನದಿಂದ ಆರಿಸಿ. ಕಥೆಯಲ್ಲಿ ಮನುಷ್ಯರು ಮತ್ತು ಟ್ಯೂರಿಯನ್ನರ ಮೊದಲ ಯುದ್ಧ 2157ರಲ್ಲಿ. ಶೆಪರ್ಡ್‌ನ ಕಥೆ ಶುರುವಾಗುವುದು 2183ರಲ್ಲಿ. ನಡುವಿನ ಆ ವರ್ಷಗಳಲ್ಲಿ ಮನುಷ್ಯರು ಹೊಸಬರು, ಯಾರಿಗೂ ಅವರ ಮೇಲೆ ಪೂರ್ತಿ ನಂಬಿಕೆ ಇಲ್ಲ, ಶೆಪರ್ಡ್ ಎದುರಿಸುವ ದೊಡ್ಡ ಪ್ರಳಯದ ಸುದ್ದಿಯೂ ಇಲ್ಲ. ಅಲ್ಲಿ ಕಟ್ಟಿ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನವರೂ ಸ್ಕೈರಿಮ್‌ಗಿಂತ ಸುಮಾರು ಸಾವಿರ ವರ್ಷ ಹಿಂದಕ್ಕೆ ಹೋದದ್ದು ಇದೇ ಕಾರಣಕ್ಕೆ ಅನ್ನಿಸುತ್ತದೆ.

ಉತ್ತರ, ಮಂಗಳೂರಿನಿಂದ

ಮೈಸೂರಿನವರ ಮಾತು ಬಹಳ ಮಟ್ಟಿಗೆ ಸರಿ. ಆದರೆ 'ಎಲ್ಲರೂ ನಾಯಕರಾದರೆ ಜಗತ್ತು ಬೀಳುತ್ತದೆ' ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಆಡುವುದು ಫೈನಲ್ ಫ್ಯಾಂಟಸಿ 14. ಅಲ್ಲಿ ಪ್ರತಿಯೊಬ್ಬರೂ 'ವಾರಿಯರ್ ಆಫ್ ಲೈಟ್'. ಕಥೆಯೊಳಗೆ ನಾನೊಬ್ಬಳೇ. ಕಥೆಯಿಂದ ಹೊರಗೆ ಬಂದ ಕೂಡಲೇ ನಾನು ಮೀನು ಹಿಡಿಯುವವಳು, ಬಟ್ಟೆ ಹೊಲಿಯುವವಳು. ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ಯಾಕೆಂದರೆ ನಾಯಕತನ ಇರುವ ಜಾಗವನ್ನೂ ದಿನನಿತ್ಯದ ಬದುಕಿನ ಜಾಗವನ್ನೂ ಅವರು ಬೇರೆಬೇರೆ ಇಟ್ಟಿದ್ದಾರೆ.

ಅದರಲ್ಲಿ ಸಮುದ್ರದ ಮೀನುಗಾರಿಕೆ ಅಂತ ಇದೆ. ಎರಡು ಗಂಟೆಗೊಮ್ಮೆ ಲಿಮ್ಸಾ ಲೊಮಿನ್ಸಾ ಬಂದರಿನಿಂದ ದೋಣಿ ಹೊರಡುತ್ತದೆ. ಒಂದು ದೋಣಿಗೆ 24 ಜನ. ಸಾಲಾಗಿ ನಿಂತು ಗಾಳ ಹಾಕುತ್ತಾ ಹರಟುತ್ತೇವೆ. ನನ್ನ ಗಿಲ್ಡ್‌ನ ಅರ್ಧದಷ್ಟು ಜನ ಪರಿಚಯವಾದದ್ದು ಆ ದೋಣಿಯಲ್ಲೇ, ಗುಂಪಾಗಿ ಹೋಗಿ ಹೋರಾಡುವ ಡಂಜನ್‌ಗಳಲ್ಲಿ ಅಲ್ಲ. ಡಂಜನ್‌ನಲ್ಲಿ ಎಲ್ಲರಿಗೂ ಅವಸರ, ಏಟು ತಡೆಯುವ ಟ್ಯಾಂಕ್ ಮುಂದೆ ಓಡುತ್ತಿರುತ್ತಾರೆ, ಗಾಯ ವಾಸಿಮಾಡುವ ಹೀಲರ್ ಹಿಂದೆ. ಮಾತಾಡಲು ಬಿಡುವಿರುವ ಜಾಗ ಬೇಕೇ ಬೇಕು. ನಿಮ್ಮ ಡಾಕ್ಯುಮೆಂಟ್‌ನಲ್ಲಿ ಅದಕ್ಕೆ ಒಂದು ಅಧ್ಯಾಯ ಕೊಡಿ.

ಇನ್ನೊಂದು. ಈ ಗೇಮ್ 2010ರಲ್ಲಿ ಮೊದಲು ಬಂದಾಗ ಪೂರ್ತಿ ಸೋತಿತ್ತು. ನವೋಕಿ ಯೋಶಿದಾ ಅವರ ತಂಡ ಅದನ್ನು ಹೊಸದಾಗಿ ಕಟ್ಟಿತು. 2012ರ ನವೆಂಬರ್‌ನಲ್ಲಿ ಹಳೆಯ ಸರ್ವರ್ ಮುಚ್ಚುವಾಗ, ಆಕಾಶದಿಂದ ಡಾಲಮಡ್ ಅನ್ನುವ ಚಂದ್ರ ಬಿದ್ದು ಜಗತ್ತು ನಾಶವಾಗುವ ಹಾಗೆ ಕಥೆ ಮಾಡಿದರು. 2013ರಲ್ಲಿ ಬಂದ ಹೊಸ ಗೇಮ್ ಆ ನಾಶದ ಐದು ವರ್ಷ ನಂತರ ಶುರುವಾಗುತ್ತದೆ. ನೀವು ಆರಿಸುವ ಜಗತ್ತು ಇಂಥ ದೊಡ್ಡ ಬದಲಾವಣೆಯನ್ನು ತಾಳಿಕೊಳ್ಳುತ್ತದಾ ಅಂತಲೂ ಯೋಚಿಸಿ.

ಉತ್ತರ, ಹುಬ್ಬಳ್ಳಿಯಿಂದ

ನಾನು ಆಡುವುದು ಜಿಟಿಎ 5ರ ಆರ್‌ಪಿ (ರೋಲ್ ಪ್ಲೇ, ಒಂದು ಪಾತ್ರವಾಗಿ ಬದುಕುವ) ಸರ್ವರ್‌ಗಳಲ್ಲಿ. ಇದು ಎಂಎಂಒ ಅಂತ ಯಾರೂ ಮಾಡಿದ್ದಲ್ಲ. ಆಟಗಾರರೇ ಫೈವ್‌ಎಂ ಅನ್ನುವ ಸಾಫ್ಟ್‌ವೇರ್ ಮೂಲಕ ಕಟ್ಟಿಕೊಂಡದ್ದು. ಆ ಫೈವ್‌ಎಂ ತಂಡವನ್ನು 2023ರಲ್ಲಿ ಜಿಟಿಎ ಮಾಡಿದ ರಾಕ್‌ಸ್ಟಾರ್ ಕಂಪನಿಯೇ ತನ್ನೊಳಗೆ ಸೇರಿಸಿಕೊಂಡಿತು. ನನ್ನ ಪಾತ್ರ ಮೆಕ್ಯಾನಿಕ್. ಯಾರದೋ ಗಾಡಿ ಹೈವೇಲಿ ಕೆಟ್ಟರೆ ಫೋನ್ ಬರುತ್ತದೆ, ಟೋ ಟ್ರಕ್ ತಗೊಂಡು ಹೋಗುತ್ತೇನೆ. ಅಲ್ಲಿಗೆ ಪೊಲೀಸ್ ಬಂದರೆ ಅವರೂ ಆಟಗಾರರೇ, ಆಂಬುಲೆನ್ಸ್‌ನವರೂ ಆಟಗಾರರೇ. ಒಂದು ಗುಂಡೂ ಹಾರಿಸದೆ ಸಂಜೆ ಕಳೆದುಹೋಗುತ್ತದೆ.

ಒಂದು ಎಚ್ಚರಿಕೆ. ಇದು ನಡೆಯುವುದು ನಿಯಮಗಳ ಮೇಲೆ, ಅವನ್ನು ಕಾಯುವ ಅಡ್ಮಿನ್‌ಗಳ ಮೇಲೆ. ಪಾತ್ರ ಬಿಟ್ಟು ಮಾತಾಡಬಾರದು, ಕಾರಣವಿಲ್ಲದೆ ಯಾರನ್ನೂ ಕೊಲ್ಲಬಾರದು. ಅಡ್ಮಿನ್ ಸಡಿಲ ಬಿಟ್ಟ ಸರ್ವರ್‌ನಲ್ಲಿ ಒಳ್ಳೆಯ ಆಟಗಾರರು ಒಂದು ವಾರ ಕೂಡ ನಿಲ್ಲುವುದಿಲ್ಲ. ಜಗತ್ತಿನ ಬಗ್ಗೆ ಬರೆಯುವಾಗ ಅದನ್ನು ಯಾರು ಕಾಯುತ್ತಾರೆ ಅಂತಲೂ ಬರೆಯಿರಿ.

ಉತ್ತರ, ಶಿವಮೊಗ್ಗದಿಂದ

ಸ್ಟಾರ್‌ಡ್ಯೂ ವ್ಯಾಲಿ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ಅದು ಹಳ್ಳಿಯಲ್ಲಿ ತೋಟ ಮಾಡುವ ಗೇಮ್. ನಾನೂ ನನ್ನ ಅಕ್ಕನೂ ಒಂದೇ ತೋಟದಲ್ಲಿ ಆಡುತ್ತೇವೆ. ಮೊದಲ ತೊಡಕು ಕಾಲದ್ದು. ಅಲ್ಲಿ ಒಂದು ದಿನ ಅಂದರೆ ನಮ್ಮ ಸುಮಾರು 14 ನಿಮಿಷ. ಎಲ್ಲರೂ ಹಾಸಿಗೆಗೆ ಹೋದರೆ ಮಾತ್ರ ದಿನ ಬೇಗ ಮುಗಿಯುತ್ತದೆ. ಇಬ್ಬರಲ್ಲೇ ಒಬ್ಬರು ಇನ್ನೊಬ್ಬರಿಗೆ ಕಾಯಬೇಕು. ಸಾವಿರ ಜನ ಆದರೆ ಈ ಲೆಕ್ಕ ನಡೆಯುವುದಿಲ್ಲ, ಗಡಿಯಾರವನ್ನೇ ಬೇರೆ ಥರ ಕಟ್ಟಬೇಕು. ಬೆಳೆ ನಿಜವಾದ ದಿನಗಳ ಲೆಕ್ಕದಲ್ಲಿ ಬೆಳೆಯಲಿ.

ಆದರೆ ಅದರ ಕಮ್ಯುನಿಟಿ ಸೆಂಟರ್ ಇದೆಯಲ್ಲ, ಅದನ್ನು ಬಿಡಬೇಡಿ. ಪಾಳುಬಿದ್ದ ಕಟ್ಟಡಕ್ಕೆ ನಾವು ಬೆಳೆದದ್ದು, ಹಿಡಿದದ್ದು, ಅಗೆದದ್ದನ್ನು ಕೊಡುತ್ತಾ ಹೋದರೆ ಊರು ಸರಿಯಾಗುತ್ತಾ ಬರುತ್ತದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ 2006ರ ಜನವರಿಯಲ್ಲಿ ಇದೇ ರೀತಿ ಒಂದು ನಡೆಯಿತು. ಆನ್‌ಕಿರಾಜ್ ಅನ್ನುವ ಹಳೆಯ ನಗರದ ಬಾಗಿಲು ತೆರೆಯಬೇಕಾದರೆ ಇಡೀ ಸರ್ವರ್‌ನ ಜನ ತಾಮ್ರ, ಚರ್ಮ, ಬ್ಯಾಂಡೇಜ್, ಬೇಯಿಸಿದ ಮೀನು ಎಲ್ಲ ರಾಶಿ ರಾಶಿ ಕೊಡಬೇಕಿತ್ತು. ಚಿಕ್ಕ ಲೆವೆಲ್‌ನವರು ಕೊಟ್ಟದ್ದೂ ಲೆಕ್ಕಕ್ಕೆ ಬರುತ್ತಿತ್ತು. ಹಳೆಯ ಆಟಗಾರರು ಈಗಲೂ ಅದನ್ನು ನೆನೆಯುತ್ತಾರೆ. ಒಂದು ಕಣಿವೆ, ಅದರಲ್ಲಿ ನೂರು ಮನೆ, ಎಲ್ಲರೂ ಸೇರಿ ಎಬ್ಬಿಸಬೇಕಾದ ಒಂದು ಊರು. ನನಗೆ ಅಂಥ ಗೇಮ್ ಸಿಕ್ಕರೆ ಬೇರೇನೂ ಆಡುವುದಿಲ್ಲ.

ಮತ್ತೆ ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ವಿಚರ್ ಬಿಟ್ಟೆವು. ಮಾಸ್ ಎಫೆಕ್ಟ್ ಕಡೆಗೇ ಮೂವರ ಒಲವು. ಒಬ್ಬಳು ಮಾತ್ರ ಎಲ್ಡನ್ ರಿಂಗ್ ಬಿಡಲು ಒಪ್ಪುತ್ತಿಲ್ಲ. ಅದರ ಬಗ್ಗೆ ಏನಂತೀರಿ? ಮತ್ತೆ, ಭಾರತದಿಂದ ಆಡುವವರಿಗೆ ಪಿಂಗ್ (ದೂರದ ಸರ್ವರ್‌ನಿಂದ ಆಗುವ ತಡ) ತೊಂದರೆ ಇರುತ್ತಲ್ವಾ, ಅದನ್ನೂ ಡಿಸೈನ್‌ನಲ್ಲಿ ಸೇರಿಸಬೇಕಾ?

ಉತ್ತರ, ಮೈಸೂರಿನಿಂದ

ಆ ಗೆಳತಿಗೆ ಎಲ್ಡನ್ ರಿಂಗ್ ಯಾಕೆ ಇಷ್ಟ ಅಂತ ಅರ್ಥವಾಗುತ್ತದೆ, ನನಗೂ ಇಷ್ಟ. ಆದರೆ ಅದರ ಶಕ್ತಿ ಇರುವುದೇ ಒಂಟಿತನದಲ್ಲಿ. ಅಲ್ಲಿ ಬೇರೆಯವರು ನಮಗೆ ಕಾಣುವುದು ನೆಲದ ಮೇಲೆ ಬರೆದ ಸಂದೇಶವಾಗಿ, ರಕ್ತದ ಕಲೆಯಾಗಿ, ಕ್ಷಣ ಹೊತ್ತಿನ ನೆರಳಾಗಿ. ಯಾರೋ ಇಲ್ಲೇ ಸತ್ತಿದ್ದಾರೆ ಅಂತ ಎಚ್ಚರಿಸಿ ಹೋಗುವ ಆ ಸಂದೇಶ ಚಾಟ್ ಬಾಕ್ಸ್‌ಗಿಂತ ಜಾಸ್ತಿ ತಟ್ಟುತ್ತದೆ. ಅಲ್ಲಿ ಸಂತೆ ಸೇರಿಸಬಾರದು. ಆ ಸಂದೇಶದ ಪದ್ಧತಿಯನ್ನು ಮಾತ್ರ ನಿಮ್ಮ ಮಾಸ್ ಎಫೆಕ್ಟ್‌ಗೆ ತಗೊಳ್ಳಿ. ಯಾರೂ ಕಾಲಿಡದ ಗ್ರಹಗಳಲ್ಲಿ ಮೊದಲು ಬಂದವರು ಬೀಕನ್ ನೆಟ್ಟು ಹೋಗಲಿ. ಅವಳಿಗೂ ಸಮಾಧಾನವಾಗಬಹುದು.

ಪಿಂಗ್ ಅನ್ನು ಖಂಡಿತ ಸೇರಿಸಿ. ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ಗೆ ಪಿಸಿಯಲ್ಲಿ ಇರುವುದು ಅಮೆರಿಕ ಮತ್ತು ಯುರೋಪ್ ಸರ್ವರ್‌ಗಳು. ಇಲ್ಲಿಂದ ಆಡುವಾಗ ಏಟು ತಡೆಯುವ ಬ್ಲಾಕ್ ಬಟನ್ ಒತ್ತಿದ ಮೇಲೂ ಏಟು ಬಿದ್ದದ್ದು ಎಷ್ಟೋ ಸಲ. ಆದರೆ ಫೈನಲ್ ಫ್ಯಾಂಟಸಿ 14ರಲ್ಲಿ ಒಂದು ಮುಖ್ಯ ಹೊಡೆತದಿಂದ ಇನ್ನೊಂದಕ್ಕೆ ಎರಡೂವರೆ ಸೆಕೆಂಡ್ ಬಿಡುವಿದೆ. ಹಳೆಯ ರೂನ್‌ಸ್ಕೇಪ್ ನಡೆಯುವುದೇ 0.6 ಸೆಕೆಂಡಿಗೊಂದು ಹೆಜ್ಜೆಯ ಲೆಕ್ಕದಲ್ಲಿ. ದೂರದಿಂದ ಆಡುವವರೂ ಅಲ್ಲಿ ನಿಭಾಯಿಸಬಹುದು. ಮಾಸ್ ಎಫೆಕ್ಟ್ ಮೂಲದಲ್ಲಿ ಗುಂಡು ಹಾರಿಸುವ ಗೇಮ್. ಅದನ್ನು ಹಾಗೇ ಇಟ್ಟರೆ ಸರ್ವರ್ ಮುಂಬೈಯಲ್ಲೋ ಸಿಂಗಪುರದಲ್ಲೋ ಬೇಕಾಗುತ್ತದೆ. ಇಲ್ಲವಾದರೆ ಗುರಿ ಇಡುವ ಕೆಲಸ ಕಡಿಮೆ ಮಾಡಿ, ಬಯೋಟಿಕ್ ಕಾಂಬೊಗಳ ಮೇಲೆ ಭಾರ ಹಾಕಿ. ನಾನಾಗಿದ್ದರೆ ಎರಡನೆಯದು.

ಬರೆಯಲು ಕೂರುವ ಮೊದಲು ನೀವು ನಾಲ್ಕೂ ಜನ ಒಂದು ಸಂಜೆ ಕಾಗದ, ದಾಳ ಹಿಡಿದು ಆಡಿ ನೋಡಿ. ಒಬ್ಬೊಬ್ಬರು ಒಂದೊಂದು ಜನಾಂಗ. ಯಾರೂ ಸೈನಿಕರಲ್ಲ: ಒಬ್ಬ ಅಡುಗೆಯವ, ಒಬ್ಬ ಹಡಗು ರಿಪೇರಿ ಮಾಡುವವ, ಒಬ್ಬಳು ಸಾಮಾನು ಸಾಗಿಸುವವಳು, ಒಬ್ಬ ಪಿಲ್‌ಗ್ರಿಮೇಜ್‌ಗೆ ಹೊರಟ ಕ್ವೇರಿಯನ್. ಯುದ್ಧವಿಲ್ಲದೆ ಎರಡು ಗಂಟೆ ಆಟ ಎಳೆಯುತ್ತದಾ ನೋಡಿ. ಎಲ್ಲಿ ಬೇಜಾರಾಯಿತು ಅಂತ ಬರೆದಿಟ್ಟುಕೊಂಡು ಇಲ್ಲಿ ಹಾಕಿ, ಅದನ್ನು ಹೇಗೆ ಸರಿಮಾಡಬಹುದು ಅಂತ ಎಲ್ಲರೂ ಸೇರಿ ನೋಡೋಣ.